ಕುಳಿಯಲ್ಲಿ ಬೆಂದ ಕತ್ತಾಳೆ

ನಮ್ಮ ಬಯಲುಸೀಮೆಯಲ್ಲಿ ಹೊಲದ ಬದುವಿಗೂ ರೈಲು ಹಳಿಯ ಪಕ್ಕಕ್ಕೂ ಬೇಲಿಯಾಗಿ ನಿಂತಿರುವ ಕತ್ತಾಳೆ ದೂರದ ಮೆಕ್ಸಿಕೊ ಸೀಮೆಯಿಂದ ಬಂದದ್ದು. ನಾವು ಅದರಿಂದ ನಾರು ತೆಗೆದೆವು, ಹಗ್ಗ ಹೊಸೆದೆವು. ತವರಿನಲ್ಲಿ ಅದರ ಬಂಧುಗಳಿಂದ ಮದ್ಯ ಇಳಿಸುತ್ತಾರೆ. ಟಕೀಲಾ ಹೆಸರು ಎಲ್ಲರಿಗೂ ಗೊತ್ತು. ನನಗೆ ಹೆಚ್ಚು ಇಷ್ಟವಾಗುವ ಕಥೆ ಒವಾಹಾಕಾ ರಾಜ್ಯದ ಹಳ್ಳಿಗಳ ಮೆಸ್ಕಾಲ್‌ನದು.

ಕತ್ತಾಳೆ ಬಾಳಿನಲ್ಲಿ ಒಂದೇ ಸಲ ಹೂ ಬಿಟ್ಟು ಸಾಯುತ್ತದೆ. ಎಸ್ಪಡೀನ್ ಎಂಬ ಜಾತಿ ಬಲಿಯಲು ಏಳೆಂಟು ವರ್ಷ ಬೇಕು. ಬೆಟ್ಟದ ಬಂಡೆಗಳ ನಡುವೆ ಬೆಳೆಯುವ ತೆಪೆಸ್ತಾತೆಗೆ 20 ವರ್ಷವೂ ದಾಟಬಹುದು. ಹೂದಂಡು ತಲೆ ಎತ್ತುತ್ತಲೇ ಕಡಿದುಬಿಟ್ಟರೆ ಹೂವಿಗೆಂದು ಗಿಡ ಕೂಡಿಟ್ಟ ಸತ್ವ ಬುಡದಲ್ಲೇ ಉಳಿಯುತ್ತದೆ. ಎಲೆ ಸವರಿದ ಮೇಲೆ ಸಿಗುವ ಆ ದಪ್ಪ ಬುಡವೇ ಪಿನ್ಯಾ. ಹಸಿಯಾಗಿದ್ದಾಗ ಅದರಲ್ಲಿ ಸಿಹಿ ಕಡಿಮೆ, ಅದನ್ನು ಬೇಯಿಸಲೇಬೇಕು.

ನೆಲದಲ್ಲಿ ಕುಳಿ ತೋಡಿ, ಸೌದೆ ಉರಿಸಿ, ಕಲ್ಲು ಕೆಂಪಗೆ ಕಾಯಿಸುತ್ತಾರೆ. ಮೇಲೆ ಪಿನ್ಯಾ ಒಟ್ಟಿ, ಮಣ್ಣು ಮುಚ್ಚಿ ಮೂರ್ನಾಲ್ಕು ದಿನ ಬಿಡುತ್ತಾರೆ. ಮೆಸ್ಕಾಲ್‌ನ ಹೊಗೆಯ ಘಮ ಇಲ್ಲಿಂದಲೇ. ಬೆಂದದ್ದನ್ನು ಮರದ ಕೊಡತಿಯಿಂದ ಜಜ್ಜುತ್ತಾರೆ, ಇಲ್ಲವೇ ನಮ್ಮ ಗಾಣದ ಎತ್ತಿನಂತೆ ಸುತ್ತುವ ಕುದುರೆ ಎಳೆಯುವ ಕಲ್ಲುಗಾಲಿಯಲ್ಲಿ ಅರೆಯುತ್ತಾರೆ. ಮರದ ತೊಟ್ಟಿಯಲ್ಲಿ ಗಾಳಿಯ ಯೀಸ್ಟ್ ಹುದುಗು ಬರಿಸುತ್ತದೆ. ಆಮೇಲೆ ಎರಡು ಸಲ ಬಟ್ಟಿ.

ಕಸುವು ಎಷ್ಟಿದೆಯೆಂದು ನೋಡುವ ರೀತಿಯನ್ನು ಕಣ್ಣಾರೆ ಕಾಣಬೇಕು. ಜೊಂಡಿನ ಕೊಳವೆಯಲ್ಲಿ ಮದ್ಯ ಹೀರಿಕೊಂಡು ಒಣಬುರುಡೆಯ ಬಟ್ಟಲಿಗೆ ಸಣ್ಣಗೆ ಬಿಡುತ್ತಾರೆ. ಅಂಚಿನುದ್ದಕ್ಕೂ ಮುತ್ತಿನಂಥ ಗುಳ್ಳೆ ಏಳುತ್ತವೆ. ಅವುಗಳ ಗಾತ್ರ, ಒಡೆಯದೆ ನಿಲ್ಲುವ ಹೊತ್ತು ನೋಡಿಯೇ ಅನುಭವಸ್ಥರು ಹದ ಹೇಳುತ್ತಾರೆ.

ಮೆಸ್ಕಾಲ್ ಹೆಸರಿಗೆ 1994ರಲ್ಲಿ ಭೌಗೋಳಿಕ ರಕ್ಷಣೆ ಸಿಕ್ಕಿತು. 2017ರಲ್ಲಿ ಪ್ರಕಟವಾದ ನಿಯಮ ಅದನ್ನು ತಯಾರಿಕೆಯ ವಿಧಾನ ನೋಡಿ ಮೂರಾಗಿ ವಿಂಗಡಿಸಿತು. ಬರೀ ‘ಮೆಸ್ಕಾಲ್’ ಎಂದಿದ್ದರೆ ಕಾರ್ಖಾನೆಯ ಯಂತ್ರಗಳಿಗೆ ಅವಕಾಶವುಂಟು. ‘ಆರ್ತೆಸನಾಲ್’ನಲ್ಲಿ ಯಂತ್ರದಿಂದ ಅರೆಯಬಹುದು, ಆದರೆ ಬಟ್ಟಿಗೆ ನೇರ ಬೆಂಕಿಯೇ ಬೇಕು. ‘ಆನ್ಸೆಸ್ತ್ರಾಲ್’ಗೆ ಕುಳಿಯೂ ಮಣ್ಣಿನ ಮಡಕೆಯೂ ಕಡ್ಡಾಯ. ಮೂರೂ ಪೂರ್ತಿ ಕತ್ತಾಳೆಯವೇ.

ಟಕೀಲಾದ ಲೆಕ್ಕ ಬೇರೆ. ಅದಕ್ಕೆ ನೀಲಿ ಕತ್ತಾಳೆ ಮಾತ್ರ, ಹಲಿಸ್ಕೊ ಮತ್ತು ಇನ್ನು ನಾಲ್ಕು ರಾಜ್ಯಗಳ ಕೆಲವು ಭಾಗಗಳಲ್ಲಿ ಮಾತ್ರ. ಶೀಷೆಯ ಮೇಲೆ 100% ಎಂದಿಲ್ಲದಿದ್ದರೆ ಸಕ್ಕರೆಯಲ್ಲಿ ಶೇಕಡಾ 49ರವರೆಗೆ ಬೇರೆ ಮೂಲದ್ದಿರಬಹುದು. ಪೀಪಾಯಿಯಲ್ಲಿ ಎರಡು ತಿಂಗಳಿದ್ದರೆ ರೆಪೊಸಾದೊ, ವರ್ಷವಾದರೆ ಆನ್ಯೆಹೊ, ಮೂರಾದರೆ ಎಕ್ಸ್‌ಟ್ರಾ ಆನ್ಯೆಹೊ. ಈ ಮರದ ಲೆಕ್ಕಕ್ಕಿಂತ ಗಿಡ ಹೊಲದಲ್ಲಿ ಕಳೆದ ವರ್ಷಗಳೇ ದೊಡ್ಡವು ಎಂಬುದು ನನ್ನ ನಂಬಿಕೆ.

ಆ ವರ್ಷಗಳಿಗೆ ಬೆಲೆಯೂ ಇದೆ. ಹೂ ಬಿಡುವ ಮುನ್ನ ಕಡಿದರೆ ಮಕರಂದ ನಂಬಿದ ಬಾವಲಿಗಳಿಗೆ ಆಹಾರವಿಲ್ಲ, ಗಿಡಕ್ಕೆ ಬೀಜವಿಲ್ಲ. ನೀಲಿ ಕತ್ತಾಳೆಯನ್ನು ಬುಡದ ಮರಿಗಳಿಂದಲೇ ಬೆಳೆಸುವುದರಿಂದ ತೋಟವೆಲ್ಲ ಒಂದೇ ತಳಿ. ರೋಗ ಬಿದ್ದರೆ ತಡೆಯಿಲ್ಲ. ಅದಕ್ಕೇ ಕೆಲವು ರೈತರು ನೂರಕ್ಕೆ ಐದು ಗಿಡಗಳನ್ನು ಹೂವಿಗೆ ಬಿಡುತ್ತಿದ್ದಾರೆ.

ಪ್ರಮಾಣಪತ್ರದ ಖರ್ಚು ಭರಿಸಲಾಗದ, ಇಲ್ಲವೇ ಅದು ಬೇಡವೆನ್ನುವ ಮನೆತನಗಳೂ ಇವೆ. ತಲೆಮಾರುಗಳಿಂದ ಇದೇ ಕಸುಬು ಮಾಡಿದರೂ ಶೀಷೆಯ ಮೇಲೆ ಮೆಸ್ಕಾಲ್ ಎಂದು ಬರೆಯುವ ಹಕ್ಕು ಅವರಿಗಿಲ್ಲ. ‘ದೆಸ್ತಿಲಾದೊ ದೆ ಆಗಾವೆ’, ಅಂದರೆ ಕತ್ತಾಳೆಯ ಬಟ್ಟಿ ಎಂದಷ್ಟೇ ಬರೆದು ಮಾರುತ್ತಾರೆ. ಆ ಹೆಸರು ಕಂಡಾಗ ಕೀಳು ಸರಕೆಂದು ಬದಿಗಿಡದೆ, ಯಾವ ಊರಿನದು, ಯಾವ ಜಾತಿಯ ಗಿಡ, ಮಡಕೆಯಲ್ಲೋ ತಾಮ್ರದಲ್ಲೋ ಇಳಿಸಿದ್ದು ಎಂದು ಓದಿ ನೋಡಬೇಕು.