ಕಿಣ್ವವು ಶಕ್ತಿಯನ್ನು ಕೊಡುವುದೇ?

ಅನ್ನವನ್ನಾಗಲಿ ಜೋಳದ ರೊಟ್ಟಿಯನ್ನಾಗಲಿ ಬಹಳ ಹೊತ್ತು ಅಗಿದರೆ ಬಾಯಿ ಸಿಹಿಯಾಗುವುದು ಮಕ್ಕಳ ಅನುಭವಕ್ಕೆ ಬಂದ ಸಂಗತಿ. ಲಾಲಾರಸದಲ್ಲಿರುವ ಅಮೈಲೇಸ್ ಎಂಬ ಕಿಣ್ವವು ಪಿಷ್ಟವನ್ನು ಮಾಲ್ಟೋಸ್ ಸಕ್ಕರೆಯಾಗಿ ಒಡೆಯುವುದೇ ಇದಕ್ಕೆ ಕಾರಣ. “ಕಿಣ್ವವು ಕ್ರಿಯೆಗೆ ಶಕ್ತಿ ಕೊಡುತ್ತದೆ” ಎಂದು ವಿದ್ಯಾರ್ಥಿಗಳು ಬರೆಯುವುದುಂಟು. ಶಿಕ್ಷಕರು ಇದನ್ನು ಅಲ್ಲಿಯೇ ತಿದ್ದಬೇಕು. ಕಿಣ್ವವು ಶಕ್ತಿಯನ್ನು ಕೊಡದು. ಕ್ರಿಯೆಯು ಆರಂಭವಾಗಲು ಬೇಕಾದ ಶಕ್ತಿಯ ಪ್ರಮಾಣವನ್ನು ತಗ್ಗಿಸುತ್ತದೆ. ಪಿಷ್ಟದ ಅಣುವು ಕಿಣ್ವದ ಸಕ್ರಿಯ ತಾಣದಲ್ಲಿ ಹೊಂದಿ ಕುಳಿತಾಗ, ಅದರ ಬಂಧವು ನೀರಿನ ನೆರವಿನಿಂದ ಸುಲಭವಾಗಿ ಕಡಿಯುತ್ತದೆ. ಬಳಿಕ ಕಿಣ್ವವು ತಾನು ವ್ಯಯವಾಗದೆ ಮುಂದಿನ ಅಣುವಿಗೆ ಒದಗುತ್ತದೆ.

ತಿಳಿಗಂಜಿಗೆ ಲಾಲಾರಸ ಬೆರೆಸಿ, ಸ್ವಲ್ಪ ಹೊತ್ತಿನ ಮೇಲೆ ಅಯೋಡಿನ್ ಹಾಕಿಸಿರಿ: ನೀಲಿ ಬಣ್ಣ ಮೂಡದು. ಕುದಿಸಿ ಆರಿಸಿದ ಲಾಲಾರಸವಾದರೆ ಮೂಡುವುದು. ಕುದಿತದಿಂದ ಕಿಣ್ವದ ಆಕಾರವೇ ಕೆಟ್ಟಿರುತ್ತದೆ. ಪರಿಭಾಷೆಯನ್ನು ಇದಾದ ಮೇಲೆಯೇ ಹೇಳಿಕೊಡಿರಿ.