ಆನೆಕಾಲು ರೋಗ ರೈಲು ಹತ್ತಿದರೆ

ಹೌರಾದ ಶಾಲಿಮಾರ್ ನಿಲ್ದಾಣದಿಂದ ಹೊರಟ ಕೋರಮಂಡಲ್ ಎಕ್ಸ್‌ಪ್ರೆಸ್ ಒಡಿಶಾ ಹಾದು ಚೆನ್ನೈ ಸೆಂಟ್ರಲ್ ಸೇರುತ್ತದೆ. ಬೆಂಗಳೂರಿನವರಿಗೆ ಗೊತ್ತಿರುವ ಸಂಘಮಿತ್ರ ಕೂಡ ಬಿಹಾರದ ದಾನಾಪುರದಿಂದ ಚೆನ್ನೈ ಮೇಲೆಯೇ ಬರುತ್ತದೆ. ಚೆನ್ನೈ ಹೊರವಲಯದ ಒರಗಡಂನ ಕಾರ್ಖಾನೆಗಳಿಗೆ, ಹಳೆ ಮಹಾಬಲಿಪುರಂ ರಸ್ತೆಯ ಕಟ್ಟಡ ಕೆಲಸಕ್ಕೆ ಹೀಗೆ ಬಂದಿಳಿಯುವವರಲ್ಲಿ ಬಹಳ ಮಂದಿಯ ಊರಲ್ಲಿ ಆನೆಕಾಲು ರೋಗ ಇನ್ನೂ ಇದೆ. ‘ಹೊರಗಿನವರು ಬಂದು ರೋಗ ಹಚ್ಚುತ್ತಾರೆ’ ಎಂಬ ಮಾತು ಹುಟ್ಟುವುದು ಇಲ್ಲಿಂದಲೇ. ಅದು ಎಷ್ಟರ ಮಟ್ಟಿಗೆ ನಿಜ ಎನ್ನುವುದು ರೋಗಕ್ಕೊಂದು ಬಗೆ.

ಚಿಕುನ್‌ಗುನ್ಯಾವನ್ನೇ ನೋಡಿ. 2004ರಲ್ಲಿ ಕೀನ್ಯಾದ ಕರಾವಳಿಯಲ್ಲಿ ಕಾಣಿಸಿಕೊಂಡದ್ದು ಹಿಂದೂ ಮಹಾಸಾಗರದ ದ್ವೀಪಗಳನ್ನು ಸುತ್ತಿ 2005ರ ಕೊನೆಗೆ ಭಾರತಕ್ಕೆ ಬಂತು. ಮರುವರ್ಷ ಕರ್ನಾಟಕವೊಂದರಲ್ಲೇ ಏಳೂವರೆ ಲಕ್ಷದಷ್ಟು ಜನ ಕೀಲು ಹಿಡಿದುಕೊಂಡು ಮಲಗಿದರು. ಮದ್ರಾಸಿಗೆ ಆ ರೋಗ ಹೊಸದಲ್ಲ, 1964ರಲ್ಲೇ ಅಲ್ಲಿ ದೊಡ್ಡದಾಗಿ ಹಬ್ಬಿತ್ತು. ಆದರೆ ಆಗಿನದು ಏಷ್ಯಾದ ತಳಿ, ಈ ಸಲದ್ದು ಆಫ್ರಿಕಾದ್ದು. ವೈರಸ್ಸು ಸೊಳ್ಳೆಯ ಮೈಯೊಳಗೂ ಬೆಳೆಯುತ್ತದೆ. ವಿಮಾನದಲ್ಲಿ ಬಂದ ಒಬ್ಬನ ನಾಲ್ಕು ದಿನದ ಜ್ವರ ಒಂದು ಬೀದಿಗೆ ಸಾಕು.

ಆನೆಕಾಲಿನ ಹುಳು ಹಾಗಲ್ಲ, ನಿಧಾನದ ಪ್ರಾಣಿ. ದುಗ್ಧನಾಳಗಳಲ್ಲಿ ಮನೆ ಮಾಡಿಕೊಂಡು ಐದಾರು ವರ್ಷ ಬದುಕುತ್ತದೆ. ಹೆಣ್ಣು ಹುಳು ಹೆತ್ತ ಲಕ್ಷಗಟ್ಟಲೆ ಮರಿಗಳು, ಅಂದರೆ ಮೈಕ್ರೋಫೈಲೇರಿಯಾ, ರಾತ್ರಿ ಹತ್ತರಿಂದ ಎರಡರವರೆಗೆ ರಕ್ತಕ್ಕೆ ಇಳಿಯುತ್ತವೆ. ಕ್ಯೂಲೆಕ್ಸ್ ಸೊಳ್ಳೆ ಕಚ್ಚುವ ಹೊತ್ತೂ ಅದೇ. ಸೊಳ್ಳೆಯೊಳಗೆ ಮರಿ ಹತ್ತು ಹದಿನಾಲ್ಕು ದಿನದಲ್ಲಿ ಬಲಿಯುತ್ತದೆಯೇ ಹೊರತು ಒಂದು ಎರಡಾಗುವುದಿಲ್ಲ. ಹಾಗೆ ಬಲಿತ ಒಂದು ಗಂಡು, ಒಂದು ಹೆಣ್ಣು ಇನ್ನೊಬ್ಬರ ಮೈಯಲ್ಲಿ ಸಂಧಿಸಿದರೆ ಮಾತ್ರ ಸಂಸಾರ ಮುಂದುವರಿಯುತ್ತದೆ. ಅದಕ್ಕೆ ತಿಂಗಳುಗಟ್ಟಲೆ ನೂರಾರು, ಸಾವಿರಾರು ಕಚ್ಚು ಬೀಳಬೇಕು. ಮದುವೆಗೆಂದು ಎರಡು ದಿನ ಬಂದು ಹೋಗುವ ನೆಂಟ ರೋಗ ಕೊಡುವುದೂ ಇಲ್ಲ, ಒಯ್ಯುವುದೂ ಇಲ್ಲವೆನ್ನಬಹುದು.

ಹಾಗಾದರೆ ತೊಂದರೆ ಎಲ್ಲಿ? ಕೂಲಿಗೆ ಬಂದವರು ಎರಡು ದಿನಕ್ಕೆ ಹೋಗುವವರಲ್ಲ. ತಗಡಿನ ಶೆಡ್ಡಿನಲ್ಲಿ ಹತ್ತು ಹನ್ನೆರಡು ಜನ ಒಟ್ಟಿಗೆ, ಸೊಳ್ಳೆಪರದೆ ಇಲ್ಲದೆ, ವರ್ಷಗಟ್ಟಲೆ ಮಲಗುತ್ತಾರೆ. ಕ್ಯೂಲೆಕ್ಸ್ ಮೊಟ್ಟೆಯಿಡುವುದು ಕೊಳಚೆಯಲ್ಲಿ, ಚೆನ್ನೈಯಲ್ಲಿ ಅದಕ್ಕೆ ಕೂವಂ ನದಿಯಿದೆ, ಬಕಿಂಗ್‌ಹ್ಯಾಂ ಕಾಲುವೆಯಿದೆ. ಹುಳು ರೈಲಿನಲ್ಲಿ ಬಂದಿರಬಹುದು, ಚರಂಡಿ ಮಾತ್ರ ಊರಿನದೇ. ಇನ್ನೊಂದು ಮಾತು: ಕಾಲು ಊದಿದವರ ರಕ್ತದಲ್ಲಿ ಎಷ್ಟೋ ಸಲ ಮರಿಹುಳು ಸಿಕ್ಕುವುದೇ ಇಲ್ಲ. ಗಟ್ಟಿಮುಟ್ಟಾಗಿ ಸಿಮೆಂಟ್ ಮೂಟೆ ಹೊರುವ ಹುಡುಗನ ರಕ್ತದಲ್ಲಿ ಅದು ಇರಬಹುದು, ಅವನಿಗೇ ಗೊತ್ತಿರುವುದಿಲ್ಲ. ಊದಿದ ಕಾಲು ಕಂಡು ದೂರ ಸರಿಯುವವರು ತಪ್ಪು ಮನುಷ್ಯನಿಗೆ ಹೆದರುತ್ತಾರೆ.

ಆದ್ದರಿಂದಲೇ ಆರೋಗ್ಯ ಇಲಾಖೆಯವರು ಶೆಡ್ಡಿಗೆ ರಾತ್ರಿ ಹೋಗಬೇಕು. ಬೆರಳಿಗೆ ಸೂಜಿ ಚುಚ್ಚಿ ಗಾಜಿನ ಪಟ್ಟಿಯ ಮೇಲೆ ರಕ್ತವನ್ನು ದಪ್ಪಗೆ ಸವರುತ್ತಾರೆ, ಒಣಗಿಸುತ್ತಾರೆ. ಆಮೇಲೆ ನೀರಿನಲ್ಲಿ ಅದ್ದಿದರೆ ಕೆಂಪು ಬಿಟ್ಟುಹೋಗುತ್ತದೆ. ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ಇಟ್ಟಾಗ, ಮರಿಹುಳು ಇದ್ದರೆ, ಬಳುಕಿದ ದಾರದ ತುಂಡಿನಂತೆ ಕಾಣುತ್ತದೆ. ಅದೇ ರಕ್ತವನ್ನು ಹಗಲು ಹನ್ನೊಂದಕ್ಕೆ ತೆಗೆದರೆ ‘ಏನೂ ಇಲ್ಲ’ ಎಂದು ಬರೆದು ಕಳಿಸಬೇಕಾದೀತು. ಹಗಲಿನಲ್ಲೂ ಹತ್ತು ನಿಮಿಷದಲ್ಲಿ ಫಲಿತಾಂಶ ಹೇಳುವ ಪಟ್ಟಿ ಪರೀಕ್ಷೆ ಈಗಿದೆ, ಅದು ದೊಡ್ಡ ಹುಳುವಿನ ಗುರುತು ಹಿಡಿಯುತ್ತದೆ.

ನನ್ನ ಪ್ರಕಾರ ವಲಸೆಯ ನಿಜವಾದ ಪೆಟ್ಟು ಬೀಳುವುದು ಮಾತ್ರೆಯ ಲೆಕ್ಕದಲ್ಲಿ. 2004ರಿಂದ ರೋಗವಿರುವ ಜಿಲ್ಲೆಗಳಲ್ಲಿ ಮನೆಮನೆಗೆ ಡಿಇಸಿ ಮಾತ್ರೆ ಕೊಡುತ್ತಿದ್ದಾರೆ, ಆಮೇಲೆ ಅದಕ್ಕೆ ಆಲ್ಬೆಂಡಜೋಲ್, ಈಚೆಗೆ ಕೆಲವೆಡೆ ಐವರ್ಮೆಕ್ಟಿನ್ ಕೂಡ ಸೇರಿದೆ. ಮಾತ್ರೆ ಮರಿಗಳನ್ನು ಬೇಗ ಕೊಲ್ಲುತ್ತದೆ, ದೊಡ್ಡ ಹುಳುಗಳು ಉಳಿದುಬಿಡಬಹುದು. ಅದಕ್ಕೇ ವರ್ಷ ವರ್ಷವೂ ನುಂಗಬೇಕು. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆ ಜಿಲ್ಲೆಗಳಲ್ಲಿ ಈ ರೋಗವೂ ಉಂಟು, ಗುಳೆಯೂ ಉಂಟು. ಆಶಾ ಕಾರ್ಯಕರ್ತೆ ಬಂದಾಗ ಬಾಗಿಲಿಗೆ ಬೀಗ, ಮನೆಯವರು ಮುಂಬೈಯಲ್ಲೋ ಹೈದರಾಬಾದಿನಲ್ಲೋ. ಹೋದ ಊರಿನಲ್ಲಿ ಮಾತ್ರೆ ಹಂಚಿಕೆ ಇಲ್ಲದಿದ್ದರೆ ಇವರು ಯಾರ ಪಟ್ಟಿಗೂ ಸೇರುವುದಿಲ್ಲ. ಒಡಿಶಾದಿಂದ ಚೆನ್ನೈಗೆ ಬಂದವನ ಪಾಡೂ ಇದೇ.

ಪಕ್ಕದ ಶ್ರೀಲಂಕಾ 2016ರಲ್ಲೇ ಆನೆಕಾಲು ರೋಗವನ್ನು ಸಾರ್ವಜನಿಕ ಸಮಸ್ಯೆಯ ಮಟ್ಟದಿಂದ ಇಳಿಸಿತೆಂದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿತು. ದೀರ್ಘಕಾಲ ನೆಲೆಸಲು ಬರುವ ವಿದೇಶಿಯರನ್ನು ಅಲ್ಲಿ ಮಲೇರಿಯಾದ ಜೊತೆ ಫೈಲೇರಿಯಾಕ್ಕೂ ತಪಾಸಣೆ ಮಾಡುತ್ತಾರೆ. ದ್ವೀಪಕ್ಕೆ ಅದು ಸಾಧ್ಯ. ನಮ್ಮ ರಾಜ್ಯಗಳ ನಡುವೆ ಗೇಟು ಹಾಕಲಾಗದು, ಹಾಕಲೂ ಬಾರದು.

ರೈಲು ಹತ್ತಿ ಬರುವ ರೋಗ ಆನೆಕಾಲೊಂದೇ ಅಲ್ಲ. ಚೆನ್ನೈ ಸೆಂಟ್ರಲ್ ನಿಲ್ದಾಣದ ಎದುರಿಗೇ ಸರ್ಕಾರಿ ಜನರಲ್ ಆಸ್ಪತ್ರೆಯಿದೆ. 1903ರಲ್ಲಿ ಚಾರ್ಲ್ಸ್ ಡೊನೊವನ್ ಕಾಲಾ ಅಜಾರ್ ರೋಗಾಣುವನ್ನು ಗುರುತಿಸಿದ್ದು ಮದ್ರಾಸಿನಲ್ಲಿ, ರೋಗಾಣುವಿನ ಹೆಸರಿನಲ್ಲಿ ಅವನ ಹೆಸರೂ ಸೇರಿದೆ. ಈಗ ಆ ರೋಗ ಉಳಿದಿರುವುದು ಮುಖ್ಯವಾಗಿ ಬಿಹಾರ, ಜಾರ್ಖಂಡ್, ಪಶ್ಚಿಮ ಬಂಗಾಳ, ಉತ್ತರ ಪ್ರದೇಶಗಳಲ್ಲಿ. ದಕ್ಷಿಣದ ವೈದ್ಯರಿಗೆ ಕಾಣಸಿಗುವುದು ಅಪರೂಪ. ವಾರಗಟ್ಟಲೆ ಜ್ವರ, ದಪ್ಪಗಾದ ಗುಲ್ಮ ಹೊತ್ತು ಬಂದವನಿಗೆ ಟೈಫಾಯ್ಡ್ ಎಂದೋ ಮಲೇರಿಯಾ ಎಂದೋ ಔಷಧ ಬರೆದು ದಿನ ಕಳೆಯುವುದುಂಟು. ‘ನಿಮ್ಮ ಊರು ಯಾವುದು, ಊರಿಗೆ ಹೋಗಿ ಎಷ್ಟು ದಿನವಾಯಿತು’ ಎಂದು ಕೇಳಿದರೆ ಅರ್ಧ ಕೆಲಸ ಮುಗಿದಂತೆ.

ಭಾರತ ಆನೆಕಾಲು ರೋಗವನ್ನು 2027ರೊಳಗೆ ನಿವಾರಿಸುವ ಗುರಿ ಇಟ್ಟುಕೊಂಡಿದೆ. ಚೆನ್ನೈಯಲ್ಲಾಗಲಿ ಬೆಂಗಳೂರಿನಲ್ಲಾಗಲಿ ಕಾರ್ಮಿಕರ ಶೆಡ್ಡು ನಡೆಸುವ ಮೇಸ್ತ್ರಿ, ಗುತ್ತಿಗೆದಾರರು ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ ರಾತ್ರಿ ರಕ್ತಪರೀಕ್ಷೆಗೆ ಬನ್ನಿ ಎಂದು ಕೇಳಬೇಕು. ಪರದೆ ಕೊಡಿಸಿ, ಶೌಚಗುಂಡಿಯ ಬಾಯಿ ಮುಚ್ಚಿಸಿ. ಮಾತ್ರೆ ಕೊಟ್ಟರೆ ಊಟ ಮಾಡಿ ನುಂಗಿ. ಗರ್ಭಿಣಿಯರಿಗೆ, ಎರಡು ವರ್ಷದೊಳಗಿನ ಮಕ್ಕಳಿಗೆ, ತೀರಾ ಕಾಯಿಲೆಯಲ್ಲಿರುವವರಿಗೆ ಬೇಡ. ನುಂಗಿದ ಮೇಲೆ ಜ್ವರ, ತಲೆಸುತ್ತು ಬಂದರೆ ಅದು ಸಾಮಾನ್ಯವಾಗಿ ಮರಿಹುಳುಗಳು ಸಾಯುತ್ತಿರುವ ಲಕ್ಷಣ, ಒಂದೆರಡು ದಿನದಲ್ಲಿ ಇಳಿಯುತ್ತದೆ.