ಬೋರ್ಡು ಶಾಲೆಯಿಂದ ಹೆತ್ತವರ ಸಭೆಗೆ

ದಕ್ಷಿಣ ಕನ್ನಡ, ಉಡುಪಿಯ ಹಿರಿಯರಲ್ಲಿ ಅನೇಕರು ತಾವು ಕಲಿತದ್ದು ‘ಬೋರ್ಡು ಶಾಲೆ’ಯಲ್ಲಿ ಎನ್ನುತ್ತಾರೆ. ಕುಂದಾಪುರದಲ್ಲಿ, ಉಡುಪಿಯಲ್ಲಿ ‘ಬೋರ್ಡ್ ಹೈಸ್ಕೂಲ್’ ಎಂದರೆ ಊರವರಿಗೆ ಇವತ್ತಿಗೂ ಗುರುತು ಸಿಗುತ್ತದೆ. ಬೋರ್ಡು ಅಳಿದು ಎಷ್ಟೋ ಕಾಲವಾಯಿತು, ಹೆಸರು ಮಾತ್ರ ಉಳಿದಿದೆ. ಆ ಹೆಸರಿನ ಬೆನ್ನು ಹಿಡಿದು ಹೋದರೆ, ಮಂಗಳೂರಿನ ದೇರೆಬೈಲಿನ ಸರಕಾರಿ ಶಾಲೆಯೊಂದರಲ್ಲಿ ಇಂದು ಸೇರುವ ಹೆತ್ತವರ ಸಭೆ ಎಲ್ಲಿಂದ ಬಂತೆಂಬುದು ತಿಳಿಯುತ್ತದೆ.

1884ರ ಮದ್ರಾಸ್ ಸ್ಥಳೀಯ ಬೋರ್ಡುಗಳ ಕಾಯ್ದೆ ಜಿಲ್ಲಾ ಬೋರ್ಡು, ತಾಲೂಕು ಬೋರ್ಡುಗಳಿಗೆ ರಸ್ತೆ, ಆಸ್ಪತ್ರೆಗಳ ಜೊತೆಗೆ ಶಾಲೆಯನ್ನೂ ಒಪ್ಪಿಸಿತು. ಜಿಲ್ಲಾ ಬೋರ್ಡಿನ ಅಧ್ಯಕ್ಷರ ಕುರ್ಚಿಯಲ್ಲಿ ಬಹುಕಾಲ ಕೂತವರು ಕಲೆಕ್ಟರರೇ. ಸುತ್ತ ಜಮೀನುದಾರರು, ವಕೀಲರು. ಯಾವ ಊರಿಗೆ ಶಾಲೆ, ಎಷ್ಟು ಮೇಷ್ಟ್ರು ಎಂಬ ತೀರ್ಮಾನ ಆ ಮೇಜಿನ ಸುತ್ತ ಆಗುತ್ತಿತ್ತು. ಮಗುವನ್ನು ಕಳುಹಿಸುವ ತಾಯಿಗೆ ಅಲ್ಲಿ ಜಾಗವಿರಲಿಲ್ಲ.

ಜಾಗವಿಲ್ಲದವರ ನೋವನ್ನು ಮೊದಲು ಅರಿತವರಲ್ಲಿ ಕುದ್ಮುಲ್ ರಂಗರಾಯರು ಒಬ್ಬರು. 1892ರಲ್ಲಿ ದೇರೆಬೈಲಿಗೆ ಹತ್ತಿರದ ಉರ್ವ ಚಿಲಿಂಬಿಯಲ್ಲಿ ಅವರು ದಲಿತ ಮಕ್ಕಳಿಗಾಗಿ ಶಾಲೆ ತೆರೆದರು. ಅಷ್ಟಕ್ಕೇ ನಿಲ್ಲದೆ, ಸ್ಥಳೀಯ ಸಂಸ್ಥೆಗಳಲ್ಲಿ ದಲಿತರು ಸದಸ್ಯರಾಗಿ ಕೂರಬೇಕೆಂದೂ ದುಡಿದರು. ಶಾಲೆಯ ಬಾಗಿಲು ತೆರೆದರೆ ಸಾಲದು, ಅದರ ಕೀಲಿಕೈ ಯಾರ ಬಳಿ ಇದೆ ಎಂಬುದೂ ಮುಖ್ಯ ಎಂದು ಬಲ್ಲವರ ನಡೆ ಅದು.

1956ರ ನವೆಂಬರ್ 1ರಂದು, ಅದುವರೆಗೆ ಮದ್ರಾಸಿನ ಆಡಳಿತದಲ್ಲಿದ್ದ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಮುಂದೆ ಜಿಲ್ಲಾ ಬೋರ್ಡುಗಳು ಇಲ್ಲವಾದವು, ಬೋರ್ಡು ಶಾಲೆಗಳು ಸರಕಾರಿ ಶಾಲೆಗಳಾದವು. ಮೇಷ್ಟ್ರ ಸಂಬಳಕ್ಕೆ ಭದ್ರತೆ ಬಂತು, ತೀರ್ಮಾನ ಮಾತ್ರ ಬೆಂಗಳೂರಿಗೆ ಹೋಯಿತು. ಊರವರ ಪಾಲಿಗೆ ಉಳಿದದ್ದು ಹೆಚ್ಚಾಗಿ ಬೆಂಚು, ಹೆಂಚು, ಆವರಣ ಗೋಡೆಗೆ ದೇಣಿಗೆ ಎತ್ತುವ ಕೆಲಸ.

ಬದಲಾವಣೆ ಬಂದದ್ದು 2001ರಲ್ಲಿ. ವಿಜ್ಞಾನಿ ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಸಲಹೆಯಂತೆ, ಏಪ್ರಿಲ್ 28ರ ಸರಕಾರಿ ಆದೇಶ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯನ್ನು, ಎಂದರೆ ಎಸ್‌ಡಿಎಂಸಿಯನ್ನು ತಂದಿತು. ಹೆತ್ತವರು ತಮ್ಮೊಳಗಿನಿಂದಲೇ ಸದಸ್ಯರನ್ನು ಆರಿಸುವಂತಾಯಿತು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಈ ಬಗೆಯ ಸಮಿತಿಗೆ ದೇಶದೆಲ್ಲೆಡೆ ಬಲ ಕೊಟ್ಟಿತು: ಸದಸ್ಯರಲ್ಲಿ ಕನಿಷ್ಠ ನಾಲ್ಕನೇ ಮೂರು ಪಾಲು ಹೆತ್ತವರು ಅಥವಾ ಪೋಷಕರು, ಒಟ್ಟಿನಲ್ಲಿ ಅರ್ಧದಷ್ಟು ಮಹಿಳೆಯರು. ಶಾಲೆಯ ಅಭಿವೃದ್ಧಿ ಯೋಜನೆ ಬರೆಯುವುದೂ, ಅನುದಾನದ ಖರ್ಚನ್ನು ನೋಡುವುದೂ ಅವರ ಕೆಲಸ.

ಆದರೆ ದೇರೆಬೈಲಿಗೆ ಒಂದು ತೊಡಕಿದೆ. ಹೆಸರಿನಲ್ಲಿ ಗದ್ದೆಯ ಬೈಲು ಇದ್ದರೂ ಇದು ಈಗ ಮಹಾನಗರ ಪಾಲಿಕೆಯ ವಾರ್ಡುಗಳಲ್ಲಿ ಹಂಚಿಹೋದ ಊರು. ಪಕ್ಕದ ಕೊಟ್ಟಾರದಲ್ಲೇ ಜಿಲ್ಲಾ ಪಂಚಾಯತ್ ಕಚೇರಿಯಿದೆ, ಆದರೆ ದೇರೆಬೈಲಿಗೆ ಗ್ರಾಮಸಭೆಯಿಲ್ಲ. ಹಳ್ಳಿಯ ಹೆತ್ತವರು ಶಾಲೆಯ ಮುಂದಿನ ಚರಂಡಿಯ ದೂರನ್ನು ಗ್ರಾಮಸಭೆಯಲ್ಲಿ ಎತ್ತಬಹುದು. ನಗರದಲ್ಲಿ ಆ ಜಾಗ ತುಂಬಬೇಕಾದದ್ದು ವಾರ್ಡ್ ಸಮಿತಿ. 1993ರಲ್ಲಿ ಜಾರಿಯಾದ ಸಂವಿಧಾನದ 74ನೇ ತಿದ್ದುಪಡಿ ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಿಗೆ ಅದನ್ನು ವಿಧಿಸಿತ್ತು. ಆದರೂ ಮಂಗಳೂರಿನಲ್ಲಿ ನಾಗರಿಕರು ಅದಕ್ಕಾಗಿ ಹೈಕೋರ್ಟಿನ ಬಾಗಿಲು ತಟ್ಟಬೇಕಾಯಿತು.

ಶಾಲೆಯ ಸಮಿತಿಯಲ್ಲಿ ಹೆತ್ತವರಿಗೆ ಕಾಯ್ದೆ ಕುರ್ಚಿ ಕೊಟ್ಟಿದೆ, ಕೂರುವ ಬಿಡುವನ್ನು ಕೊಟ್ಟಿಲ್ಲ. ದಿನಗೂಲಿಗೆ ಹೋಗುವ ತಾಯಿ ಕೆಲಸದ ದಿನ ಹನ್ನೊಂದು ಗಂಟೆಗೆ ಕರೆದ ಸಭೆಗೆ ಬರಬೇಕಾದರೆ ಆ ದಿನದ ಕೂಲಿ ಬಿಡಬೇಕು. ಸಭೆಯನ್ನು ಸಂಜೆಗೋ ಭಾನುವಾರಕ್ಕೋ ಇಟ್ಟುಕೊಳ್ಳಲು ಯಾವ ಹೊಸ ಆದೇಶವೂ ಬೇಕಿಲ್ಲ. ಕಲೆಕ್ಟರರ ಮೇಜಿನಿಂದ ಹೊರಟ ನಡಾವಳಿ ಪುಸ್ತಕ ಆಕೆಯ ಕೈಗೆ ತಲುಪಲು 117 ವರ್ಷ ಹಿಡಿಯಿತು. ಅದರಲ್ಲಿ ಆಕೆ ರುಜು ಹಾಕುವ ಮುನ್ನ, ಬರೆದದ್ದನ್ನು ಓದಿ ಹೇಳುವಷ್ಟು ತಾಳ್ಮೆ ನಮಗಿರಲಿ.